ಹೇರೋಹಳ್ಳಿಯ ಚಂದ್ರಮಂಡಲ: ಬಾದಲ್ ನಂಜುಂಡಸ್ವಾಮಿಯವರ ಬೀದಿಯ ಕಲೆ

ಚಿತ್ರಕಲೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ವಿಚಾರವು ಬಹುಮಟ್ಟಿಗೆ ಚೌಕಟ್ಟಿನೊಳಗಿನ ಚಿತ್ರವನ್ನು ಕುರಿತದ್ದು. ಗೋಡೆಯುಂಟು, ಗೋಡೆಗೆ ಮೊಳೆಯುಂಟು, ಮೊಳೆಗೆ ತೂಗುಹಾಕಿದ ಪಟವುಂಟು, ಅದರ ಮುಂದೆ ಕೈಕಟ್ಟಿ ನಿಂತ ಪ್ರೇಕ್ಷಕನುಂಟು ಎಂಬ ಏರ್ಪಾಟನ್ನು ಮೊದಲೇ ಒಪ್ಪಿಕೊಂಡು, ಅನಂತರ ರೇಖೆ ವರ್ಣ ಭಾವಗಳ ಚರ್ಚೆಗೆ ಇಳಿಯುವುದು ವಾಡಿಕೆಯಾಗಿದೆ. ಈ ಏರ್ಪಾಟಿನ ಹೊರಗೆ ಹುಟ್ಟಿ, ಒಂದೆರಡು ದಿನಗಳೊಳಗೇ ಅಳಿದುಹೋಗುವ ಕೃತಿಯನ್ನು ಯಾವ ಮಾನದಿಂದ ಅಳೆಯಬೇಕೆಂಬ ಪ್ರಶ್ನೆಯು ಇದುವರೆಗೆ ಅಷ್ಟಾಗಿ ಎದ್ದಿಲ್ಲ. ಏಳಬೇಕಾದ ಕಾಲವು ಈಗ ಬಂದಿದೆ. ಏಕೆಂದರೆ, ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಕರ್ಣಾಟಕದ ಕಲಾವಿದರು ಮಾಡಿದ ಕೆಲಸಗಳಲ್ಲಿ ಹೆಚ್ಚು ಜನರ ಕಣ್ಣಿಗೆ ಬಿದ್ದುದು ಯಾವ ಚಿತ್ರಶಾಲೆಯಲ್ಲಿಯೂ ಇರಲಿಲ್ಲ. ಬೆಂಗಳೂರಿನ ಪಶ್ಚಿಮಕ್ಕೆ, ಸುಂಕದಕಟ್ಟೆಗೆ ಅಂಟಿಕೊಂಡಿರುವ ಹೇರೋಹಳ್ಳಿಯ ತುಂಗಾನಗರದ ಮುಖ್ಯರಸ್ತೆಯಲ್ಲಿ ಇದ್ದಿತು. 2019ನೆಯ ಇಸವಿ ಸೆಪ್ಟೆಂಬರ್ 2ನೆಯ ತಾರೀಖು ಪ್ರಕಟವಾದ ಆ ಕೃತಿಯನ್ನು ಮಾಡಿದವರು ಬಾದಲ್ ನಂಜುಂಡಸ್ವಾಮಿಯವರು.

ಬೆಂಗಳೂರಿನ ಕಲಾವಿದನು ತನ್ನ ಊರಿನಲ್ಲಿ ಪ್ರದರ್ಶನ ನಡೆಸಬೇಕಾದರೆ ಹೋಗತಕ್ಕ ಸ್ಥಳಗಳು ಗೊತ್ತಾದುವು: ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಇತ್ಯಾದಿ. ಇವೆಲ್ಲವೂ ಊರಿನ ನಡುಭಾಗದಲ್ಲಿವೆ. ವರ್ಷಕ್ಕೊಂದು ದಿನ ಚಿತ್ರಸಂತೆಯ ಹೆಸರಿನಲ್ಲಿ ಚಿತ್ರಗಳು ಬೀದಿಗೆ ಇಳಿಯುವುದುಂಟು. ಆದರೆ ಅದೂ ಪರಿಷತ್ತಿನ ಮುಂದಣ ಬೀದಿ, ಮಾರಾಟದ ಬೀದಿ. ಕಾಮಾಕ್ಷಿಪಾಳ್ಯವನ್ನು ದಾಟಿ, ಸುಮನಹಳ್ಳಿಯ ಕೂಡುರಸ್ತೆಯನ್ನು ದಾಟಿ, ಮಾಗಡಿಯ ದಾರಿ ಹಿಡಿದು ಬಂದರೆ ಸಿಕ್ಕುವ ಸುಂಕದಕಟ್ಟೆಯ ನಿವಾಸಿಗೆ ಕಲೆಯೆಂಬುದು ಬಸ್ಸು ಹತ್ತಿ ಹೋಗಿ ನೋಡಬೇಕಾದ ವಸ್ತು. 2019ರ ಕೃತಿಯ ಮೊದಲ ವೈಶಿಷ್ಟ್ಯವೆಂದರೆ ಅದು ಈ ಪ್ರಯಾಣದ ದಿಕ್ಕನ್ನು ತಿರುಗಿಸಿತು. ಪ್ರದರ್ಶನಕ್ಕೆ ಬೇಕಾದ ವಸ್ತುವೂ ಸ್ಥಳವೂ ಅಲ್ಲಿಯೇ ಸಿದ್ಧವಾಗಿದ್ದುವು. ಕಲಾವಿದರು ಅಲ್ಲಿಗೆ ಹೋಗಬೇಕಾಗಿದ್ದಿತು, ಅಷ್ಟೆ.

ಸ್ಥಳದ ಹೆಸರನ್ನು ಕುರಿತು ಎರಡು ಮಾತು. ಸುಂಕದಕಟ್ಟೆ ಎಂಬಲ್ಲಿ ಸುಂಕವೂ ಕಟ್ಟೆಯೂ ಸ್ಪಷ್ಟವಾಗಿಯೇ ಇವೆ. ದಾರಿಹೋಕರಿಂದಲೂ ಸರಕಿನಿಂದಲೂ ತೆರಿಗೆ ಎತ್ತುತ್ತಿದ್ದ ಠಾಣೆಯ ನೆನಪನ್ನು ಈ ಮಾದರಿಯ ಹೆಸರುಗಳು ಉಳಿಸಿಕೊಂಡಿರುತ್ತವೆ. ಮಾಗಡಿಯ ದಾರಿಯೂ ಸಾಮಾನ್ಯವಾದುದಲ್ಲ. 1638ರಲ್ಲಿ ಬಿಜಾಪುರದ ಸೈನ್ಯವು ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ವಂಶದವರು ನೆಲೆನಿಂತ ಸ್ಥಳ ಮಾಗಡಿ. ದಾರಿಗಾಗಿ ಜನರಿಂದ ಸುಂಕ ಪಡೆದ ಸ್ಥಳದ ಮಗ್ಗುಲಲ್ಲಿಯೇ ದಾರಿಯು ದಾರಿಯಾಗಿ ಉಳಿಯಲಿಲ್ಲವೆಂಬುದು ಕಾಕತಾಳೀಯವಾದರೂ ಗಮನಿಸತಕ್ಕ ಮಾತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ದುಃಖವನ್ನು ಹೇಳಿಕೊಂಡರೆ ಸುಂಕದವನು ಕರಗುವುದಿಲ್ಲ, ಸುಂಕ ಕಡಮೆಯಾಗುವುದಿಲ್ಲ. ಅರ್ಜಿ, ಮನವಿ, ವರ್ತಮಾನ ಪತ್ರಿಕೆಗೆ ಬರೆದ ಕಾಗದ ಇವೆಲ್ಲ ಈ ಗಾದೆಯ ವ್ಯಾಪ್ತಿಗೆ ಸೇರಿದುವು. ನಂಜುಂಡಸ್ವಾಮಿಯವರ ಕೃತಿ ಈ ವ್ಯಾಪ್ತಿಯ ಹೊರಗೆ ನಿಂತಿತು. ಅದರಲ್ಲಿ ದುಃಖವನ್ನು ಹೇಳಿಕೊಳ್ಳುವ ಒಂದು ಮಾತೂ ಇರಲಿಲ್ಲ. ಲೋಕವು ಅದನ್ನು ಜಾಣತನದ ಅರ್ಜಿಯೆಂದು ತಿಳಿದು ಮೆಚ್ಚಿತು. ಅದು ಅರ್ಜಿಯಲ್ಲ, ಅಲಂಕಾರ. ಅಲಂಕಾರವೆಂದು ತಿಳಿದಾಗಲೇ ಅದರ ಗುಣವೂ ದೋಷವೂ ಕಾಣಿಸುವುವು ಎಂಬುದನ್ನು ತೋರಿಸುವುದೇ ಇಲ್ಲಿಯ ಉದ್ದೇಶ.

ನಂಜುಂಡಸ್ವಾಮಿಯವರು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆಯಲ್ಲಿ ಶಿಕ್ಷಣ ಪಡೆದವರು. ಕೆಲವು ಕಾಲ ಜಾಹೀರಾತಿನ ಸಂಸ್ಥೆಯಲ್ಲಿ ದುಡಿದು, ಅದನ್ನು ಬಿಟ್ಟು, ಬೆಂಗಳೂರು ಮೈಸೂರುಗಳ ಬೀದಿಗಳನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. ಜಾಹೀರಾತಿನ ಅನುಭವವು ಅವರ ಕೆಲಸದಲ್ಲಿ ಅಚ್ಚಳಿಯದೆ ಉಳಿದಿದೆ. ಹಾದುಹೋಗುವವನಿಗೆ ಒಂದೇ ನೋಟದಲ್ಲಿ ಅರ್ಥವಾಗಬೇಕು, ಎರಡನೆಯ ನೋಟವನ್ನು ಆತನು ಕೊಡಲಾರನೆಂಬ ತಿಳಿವಳಿಕೆ ಆ ವೃತ್ತಿಯದು. ಇದನ್ನು ಹೀನವೆಂದು ಕೆಲವರು ಎಣಿಸುವುದುಂಟು. ಆದರೆ ಮುಕ್ತಕವನ್ನು ಬರೆಯುವ ಕವಿಯೂ ಇದೇ ಇಕ್ಕಟ್ಟಿನಲ್ಲಿ ಕೆಲಸಮಾಡುವನೆಂಬುದನ್ನು ಮರೆಯಬಾರದು.

ಕೃತಿಯ ಸ್ವರೂಪ ಹೀಗಿದೆ. ಅದು ಸುಮಾರು ಒಂದು ನಿಮಿಷದ ವೀಡಿಯೋ ಚಿತ್ರ. ಮೊದಲಿಗೆ ಕಾಣುವುದು ಗಗನಯಾತ್ರಿಯ ಪಾದರಕ್ಷೆಗಳು, ಅವು ಮೆಲ್ಲಮೆಲ್ಲನೆ ಊರುತ್ತಿರುವ ಬೂದುಬಣ್ಣದ ಒರಟುನೆಲ. ಸುತ್ತ ಕತ್ತಲೆ. ನೋಟವು ಹಿಂದೆ ಸರಿದಂತೆ ಬಿಳಿಯ ಉಡುಪು, ಶಿರಸ್ತ್ರಾಣ, ಭಾರವಿಲ್ಲದವನಂತೆ ತೇಲಿ ತೇಲಿ ಹೆಜ್ಜೆಯಿಡುವ ಆಕೃತಿ ಕಾಣುತ್ತವೆ. ನೆಲದ ಮೇಲೆ ಚಂದ್ರನ ಕುಳಿಗಳಂತೆ ಕುಳಿಗಳು. ಇಷ್ಟರಲ್ಲಿ ಒಂದು ಆಟೋರಿಕ್ಷಾ ಪಕ್ಕದಲ್ಲಿ ಹಾದುಹೋಗುತ್ತದೆ. ಅಲ್ಲಿಗೆ ಚಂದ್ರಮಂಡಲವು ಕರಗಿ ತುಂಗಾನಗರದ ರಸ್ತೆಯು ನಿಲ್ಲುತ್ತದೆ. ಗಗನಯಾತ್ರಿಯಾಗಿ ನಡೆದವರು ನಟ ಪೂರ್ಣಚಂದ್ರ ಮೈಸೂರು ಅವರು. ಚಿತ್ರವನ್ನು ಪ್ರಕಟಿಸುವಾಗ ಕಲಾವಿದರು ಅದನ್ನು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಆಯುಕ್ತರ ಗಮನಕ್ಕೂ ತಂದರು. ಆ ಪಾಲಿಕೆಯ ಸ್ಥಾನದಲ್ಲಿ 2025ರಿಂದ ಐದು ಪಾಲಿಕೆಗಳಿವೆ. ಮರುದಿನವೇ ಯಂತ್ರಗಳು ಬಂದು ಗುಂಡಿ ಮುಚ್ಚುವ ಕೆಲಸ ಆರಂಭವಾಯಿತು.

ಕಾಲದ ಆಯ್ಕೆ ಅಷ್ಟೇ ಮುಖ್ಯ. ಚಂದ್ರಯಾನ-2 ನೌಕೆಯು ಜುಲೈ 22ರಂದು ಶ್ರೀಹರಿಕೋಟೆಯಿಂದ ಹೊರಟು ಆಗಸ್ಟ್ 20ರಂದು ಚಂದ್ರನ ಕಕ್ಷೆಯನ್ನು ಸೇರಿದ್ದಿತು. ಈ ವೀಡಿಯೋ ಪ್ರಕಟವಾದ ಸೆಪ್ಟೆಂಬರ್ 2ರಂದೇ ವಿಕ್ರಮ್ ಎಂಬ ಇಳಿನೌಕೆ ತಾಯಿನೌಕೆಯಿಂದ ಬೇರ್ಪಟ್ಟಿತು. 7ನೆಯ ತಾರೀಖಿನ ಬೆಳಗಿನ ಜಾವ ಅದು ಚಂದ್ರನ ಮೇಲೆ ಇಳಿಯಬೇಕಾಗಿದ್ದು, ನೆಲಕ್ಕೆ ಎರಡು ಕಿಲೋಮೀಟರ್ ಚಿಲ್ಲರೆ ದೂರವಿರುವಾಗ ಸಂಪರ್ಕ ಕಡಿದುಹೋಯಿತು. ಅದರ ಚಲನೆಯನ್ನು ನೋಡಿಕೊಳ್ಳುತ್ತಿದ್ದ ಇಸ್ರೋದ ನಿಯಂತ್ರಣ ಕೇಂದ್ರವು ಇದ್ದುದು ಪೀಣ್ಯದಲ್ಲಿ, ಎಂದರೆ ಹೇರೋಹಳ್ಳಿಯಿಂದ ಹೆಚ್ಚು ದೂರವಲ್ಲದ ಸ್ಥಳದಲ್ಲಿ. ಒಂದೇ ಊರಿನ ಒಂದೇ ಮಗ್ಗುಲಿನಲ್ಲಿ, ಒಂದೇ ವಾರದಲ್ಲಿ, ಚಂದ್ರನ ಮೇಲೆ ಇಳಿಯುವ ಎರಡು ಯತ್ನಗಳು ನಡೆದುವು. ವಿಜ್ಞಾನಿಗಳನ್ನು ಅಣಕಿಸುವ ಭಾವ ಈ ಕೃತಿಯಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಹೇಳಿಬಿಡಬೇಕು. ಊರಿನ ಒಂದು ಕೈ ಮಾಡಬಲ್ಲದ್ದನ್ನು ಇನ್ನೊಂದು ಕೈಯ ಪಕ್ಕದಲ್ಲಿ ಇಟ್ಟು ಸುಮ್ಮನಿರುವುದಷ್ಟೇ ಅದರ ಕೆಲಸ. ಹಾಗೆ ಸುಮ್ಮನಿರುವುದು ಕಷ್ಟ. ಕೈಗೆ ಫಲಕವೊಂದನ್ನು ಕೊಟ್ಟು ನಿಲ್ಲಿಸುವ ಚಪಲವನ್ನು ಕಲಾವಿದರು ಗೆದ್ದಿದ್ದಾರೆ.

ಇನ್ನು ಅಲಂಕಾರದ ವಿಚಾರ. ಕೆಟ್ಟ ರಸ್ತೆಯನ್ನು ಚಂದ್ರನ ಮೇಲ್ಮೈಗೆ ಹೋಲಿಸುವುದು ಹೊಸದಲ್ಲ. ವ್ಯಂಗ್ಯಚಿತ್ರಕಾರರೂ ಪತ್ರಿಕೆಗೆ ಕಾಗದ ಬರೆಯುವವರೂ ಅದನ್ನು ಸವೆಯುವವರೆಗೆ ಬಳಸಿದ್ದಾರೆ. ಅಲ್ಲೆಲ್ಲ ಅದು ಉಪಮೆ. ರಸ್ತೆ ಉಪಮೇಯ, ಚಂದ್ರ ಉಪಮಾನ, ಗುಂಡಿ ಸಾಧಾರಣಧರ್ಮ. ಅಂತೆ ಎಂಬ ವಾಚಕವೂ ನಡುವೆ ಇರುತ್ತದೆ. ಸವೆದ ಉಪಮೆಗೆ ಜೀವ ಬರಬೇಕಾದರೆ ಏನು ಮಾಡಬೇಕೆಂಬುದನ್ನು ಆಲಂಕಾರಿಕರು ಬಲ್ಲರು. ಉಪಮಾನವು ಉಪಮೇಯವನ್ನು ನುಂಗಿಬಿಡಬೇಕು. ಉಪಮೇಯದ ಹೆಸರನ್ನೇ ಎತ್ತಕೂಡದು. ಇದನ್ನು ಅತಿಶಯೋಕ್ತಿಯ ಮೊದಲ ಪ್ರಭೇದವಾಗಿ ಶಾಸ್ತ್ರಗ್ರಂಥಗಳು ವಿವರಿಸುತ್ತವೆ. ಈ ಚಿತ್ರದ ಮೊದಲರ್ಧವು ನಿಗೀರ್ಣವಾದ ಉಪಮೇಯವೇ ಸರಿ. ಅಲ್ಲಿ ಬೆಂಗಳೂರಿಲ್ಲ, ರಸ್ತೆಯಿಲ್ಲ, ಚಂದ್ರ ಮಾತ್ರ ಇದೆ. ಆದರೆ ಕೃತಿ ಅಲ್ಲಿಗೆ ನಿಂತಿದ್ದರೆ ಅದು ಕೌತುಕವಾಗುತ್ತಿದ್ದಿತೇ ಹೊರತು ಕಾವ್ಯವಾಗುತ್ತಿರಲಿಲ್ಲ. ನುಂಗಿದ್ದನ್ನು ಮತ್ತೆ ಹೊರಹಾಕುವ ಕ್ರಿಯೆ ಎರಡನೆಯರ್ಧದಲ್ಲಿದೆ, ಅದನ್ನು ಮಾಡಿಸುವುದು ಆಟೋರಿಕ್ಷಾ.

ಭ್ರಾಂತಿಮದಲಂಕಾರವನ್ನೂ ಇಲ್ಲಿ ನೆನೆಯಬೇಕು. ಬಟ್ಟಲಿನಲ್ಲಿ ಬಿದ್ದ ಬೆಳದಿಂಗಳನ್ನು ಹಾಲೆಂದು ನೆಕ್ಕಹೊರಟ ಬೆಕ್ಕಿನ ಉದಾಹರಣೆಯನ್ನು ಅಲಂಕಾರಶಾಸ್ತ್ರವನ್ನು ಓದಿದವರೆಲ್ಲ ಬಲ್ಲರು. ಅಲ್ಲಿ ಭ್ರಮೆಗೊಳ್ಳುವುದು ಬೆಕ್ಕು. ಓದುಗನು ದೂರದಲ್ಲಿ ನಿಂತು ಬೆಕ್ಕಿನ ಭ್ರಮೆಯನ್ನು ಸವಿಯುತ್ತಾನೆ. ಶಾಸ್ತ್ರಕಾರರು ಕೊಡುವ ನಿದರ್ಶನಗಳಲ್ಲಿ ಬಹುಮಟ್ಟಿಗೆ ಈ ಅಂತರವಿದೆ: ಭ್ರಾಂತಿ ಪಾತ್ರದ್ದು, ಆನಂದ ಸಹೃದಯನದು. ನಂಜುಂಡಸ್ವಾಮಿಯವರ ಕೃತಿಯಲ್ಲಿ ಬೆಕ್ಕಿನ ಸ್ಥಾನಕ್ಕೆ ನೋಡುಗನನ್ನೇ ತಂದು ನಿಲ್ಲಿಸಿದೆ. ಹಾಲೆಂದು ನಂಬಿ ನಾಲಗೆ ಚಾಚಿದವನು ತಾನೇ ಎಂಬ ಅರಿವು ಆಟೋರಿಕ್ಷಾ ಬಂದ ಕ್ಷಣದಲ್ಲಿ ಆತನಿಗಾಗುತ್ತದೆ. ಆಗ ಬರುವ ನಗೆಯಲ್ಲಿ ಪಾಲಿಕೆಯ ಪಾಲೆಷ್ಟೋ ತನ್ನ ಪಾಲೂ ಅಷ್ಟೇ. ಈ ಕಾರಣದಿಂದಲೇ ಕೃತಿಯು ಬೈಗುಳಕ್ಕಿಂತ ಮೇಲೆ ನಿಲ್ಲುತ್ತದೆ. ಬೈಗುಳದಲ್ಲಿ ಬೈಯುವವನು ಶುದ್ಧ, ಬೈಸಿಕೊಳ್ಳುವವನು ಮಾತ್ರ ಮಲಿನ. ಇಲ್ಲಿ ಆ ಅನುಕೂಲವಿಲ್ಲ.

ವ್ಯಾಜಸ್ತುತಿಯೆಂದು ಇದನ್ನು ಕರೆಯಬಹುದೇ ಎಂಬ ಸಂದೇಹ ಬರಬಹುದು. ಕನ್ನಡ ಕಾವ್ಯದಲ್ಲಿ ಚಂದ್ರನಿಗೆ ಹೋಲಿಸಿದರೆ ಅದು ಹೊಗಳಿಕೆ. ಮುಖಕ್ಕೆ, ಕೀರ್ತಿಗೆ, ತಂಪಿಗೆ ಚಂದ್ರನನ್ನು ತರುವುದು ಪದ್ಧತಿ. ಆತನ ಮೈಮೇಲಣ ಕಲೆಯನ್ನು ಕವಿಗಳು ಮೊಲವೆಂದೋ ಜಿಂಕೆಯೆಂದೋ ಸಮಾಧಾನ ಹೇಳಿ ಮುಂದೆ ಸಾಗಿದರು. ದುರ್ಬೀನಿನಿಂದ ನೋಡಿದ ಗೆಲಿಲಿಯೋ 1610ರಲ್ಲಿ ಆ ಮೈ ನುಣುಪಲ್ಲ, ಹಳ್ಳದಿಣ್ಣೆಗಳಿಂದ ಕೂಡಿದ್ದೆಂದು ಪ್ರಕಟಿಸಿದ ಮೇಲೆ ಚಂದ್ರರು ಇಬ್ಬರಾದರು: ಕವಿಯ ಚಂದ್ರನೊಬ್ಬ, ಕುಳಿಗಳ ಚಂದ್ರನೊಬ್ಬ. ಹೇರೋಹಳ್ಳಿಯ ಚಂದ್ರನು ಎರಡನೆಯವನು. ಬೆಳಕಿಲ್ಲದ ಬರಿಯ ಕಳಂಕ. ಆದುದರಿಂದ ಇಲ್ಲಿ ಸ್ತುತಿಯ ನೆಪವೂ ನಿಲ್ಲುವುದಿಲ್ಲ, ವ್ಯಾಜಸ್ತುತಿಯೆಂಬ ಹೆಸರು ಪೂರ್ತಿ ಹೊಂದುವುದಿಲ್ಲ.

ಆಕಾರಗಳ ಹೋಲಿಕೆ ಎಷ್ಟು ನಿಜವೆಂಬುದನ್ನು ಸ್ವಲ್ಪ ಪರ್ಯಾಲೋಚಿಸಬೇಕು, ಏಕೆಂದರೆ ಕಲಾವಿದರ ಕಣ್ಣಿನ ಪರೀಕ್ಷೆ ಅಲ್ಲಿದೆ. ಚಂದ್ರನ ಕುಳಿಗಳು ಮೇಲಿನಿಂದ ಬಿದ್ದ ಕಲ್ಲುಗಳ ಪೆಟ್ಟಿನಿಂದ ಆದುವು. ರಸ್ತೆಯ ಗುಂಡಿಯಾದರೋ ಕೆಳಗಿನಿಂದ ಹುಟ್ಟುತ್ತದೆ: ಡಾಂಬರಿನ ಬಿರುಕಿನಲ್ಲಿ ಮಳೆನೀರು ಇಳಿದು, ತಳದ ಜಲ್ಲಿಯನ್ನು ಸಡಿಲಿಸಿ, ಗಾಲಿಗಳ ಒತ್ತಡಕ್ಕೆ ಮೇಲಣ ಪದರ ಕುಸಿದು, ಅಂಚು ಒಡೆಯುತ್ತ ಒಡೆಯುತ್ತ ದುಂಡಗಾಗುತ್ತದೆ. ಕಾರಣಗಳು ವಿರುದ್ಧವಾದರೂ ರೂಪವು ಒಂದೇ. ಚಂದ್ರನಲ್ಲಿ ಮಳೆಯಿಲ್ಲದ್ದರಿಂದ ಕುಳಿಗಳು ಕೋಟ್ಯಂತರ ವರ್ಷ ಅಳಿಯದೆ ನಿಂತಿವೆ. ಬೆಂಗಳೂರಿನಲ್ಲಿ ಮಳೆ ಇರುವುದರಿಂದಲೇ ಗುಂಡಿಗಳಿವೆ. ಇನ್ನು ಇರುಳನ್ನೇ ಆರಿಸಿಕೊಂಡುದು ಬರಿಯ ಕಪ್ಪು ಆಕಾಶಕ್ಕಾಗಿ ಎಂದು ತಿಳಿಯಬಾರದು. ಹುಣ್ಣಿಮೆಯ ದಿನ ಚಂದ್ರನ ಕುಳಿಗಳು ಚೆನ್ನಾಗಿ ಕಾಣವು. ಬೆಳಕು ನೇರವಾಗಿ ಬೀಳುವುದರಿಂದ ನೆರಳಿಲ್ಲ. ಬೆಳಕು ಕತ್ತಲೆಗಳು ಕೂಡುವ ಗೆರೆಯ ಬಳಿ, ಬಿಸಿಲು ಓರೆಯಾಗಿ ಬೀಳುವಲ್ಲಿ, ಕುಳಿಗಳು ಆಳವಾಗಿ ತೋರುವುವು. ರಸ್ತೆಯ ಗುಂಡಿಯೂ ಹಾಗೆಯೇ. ನಡುಹಗಲಿನಲ್ಲಿ ಅದು ಚಪ್ಪಟೆಯಾದ ಕಲೆ, ಇರುಳಿನಲ್ಲಿ ತಗ್ಗಿನಿಂದ ಬರುವ ದೀಪದ ಬೆಳಕಿಗೆ ಅದು ಬಾಯಿ. ದ್ವಿಚಕ್ರದ ಮೇಲೆ ರಾತ್ರಿಪಾಳಿ ಮುಗಿಸಿ ಮನೆಗೆ ಹೋಗುವವನು ಅದನ್ನು ಕಾಣುವುದೂ ಈ ರೂಪದಲ್ಲಿಯೇ, ಅದೂ ಹತ್ತಿರ ಬಂದ ಮೇಲೆ. ಹೀಗೆ ಕಲೆಯ ಅಗತ್ಯವೂ ಸವಾರನ ಅನುಭವವೂ ಒಂದೇ ಬೆಳಕಿನಲ್ಲಿ ಕೂಡಿಕೊಂಡಿವೆ. ಈ ಕೂಡಿಕೆಯನ್ನು ಔಚಿತ್ಯವೆಂದು ಕರೆದರೆ ಕ್ಷೇಮೇಂದ್ರನು ಆಕ್ಷೇಪಿಸಲಾರನು.

ನಟನ ಕೆಲಸಕ್ಕೆ ಲೋಕವು ತಕ್ಕ ಮರ್ಯಾದೆ ಕೊಟ್ಟಿಲ್ಲ. ಭರತನು ಹೇಳಿದ ನಾಲ್ಕು ಅಭಿನಯಗಳಲ್ಲಿ ವಾಚಿಕವು ಇಲ್ಲಿ ಇಲ್ಲವೇ ಇಲ್ಲ; ಮುಖ ಮುಚ್ಚಿರುವುದರಿಂದ ಸಾತ್ತ್ವಿಕಕ್ಕೆ ಎಡೆಯಿಲ್ಲ. ಉಳಿದುವು ಆಹಾರ್ಯ ಮತ್ತು ಆಂಗಿಕ. ಚಂದ್ರನ ಸೆಳೆತವು ಭೂಮಿಯದರ ಆರರಲ್ಲಿ ಒಂದು ಪಾಲು. ಆ ಹಗುರವನ್ನು ಭೂಮಿಯ ಮೇಲೆ, ದಪ್ಪನೆಯ ಉಡುಪಿನೊಳಗೆ, ಗುಂಡಿಗಳ ನಡುವೆ ತೋರಿಸಬೇಕಾದರೆ ದೇಹದ ಭಾರವೆಲ್ಲವನ್ನೂ ನಟನು ಗುಟ್ಟಾಗಿ ಹೊರಬೇಕು. 1969ರ ಜುಲೈ ತಿಂಗಳಿನಲ್ಲಿ ಚಂದ್ರನ ಮೇಲೆ ನಡೆದವರ ಚಲಚ್ಚಿತ್ರವನ್ನು ನೋಡದವರು ವಿರಳ. ಆ ನಡಗೆ ಈಗ ಎಲ್ಲರ ಕಣ್ಣಿನಲ್ಲಿ ಮುದ್ರೆಯೊತ್ತಿದೆ. ಪೂರ್ಣಚಂದ್ರ ಅವರ ನಡಗೆ ಆ ಮುದ್ರೆಗೆ ಸರಿಹೊಂದದಿದ್ದರೆ ಮೊದಲ ಮೂರು ಹೆಜ್ಜೆಗಳಲ್ಲಿಯೇ ಭ್ರಾಂತಿ ಹರಿದುಹೋಗುತ್ತಿದ್ದಿತು. ಕರ್ಣಾಟಕದ ಹಳ್ಳಿಗಳಲ್ಲಿ ಹಗಲುವೇಷದವರು ರಾಮನಾಗಿ, ಭೀಮನಾಗಿ, ಕೆಲವೊಮ್ಮೆ ಸರ್ಕಾರದ ಅಮಲ್ದಾರನಾಗಿಯೂ ಬೀದಿಯಲ್ಲಿ ಬಂದು ನಿಂತು, ಕ್ಷಣಕಾಲ ನಿಜವೆಂದು ನಂಬಿಸಿ, ಆಮೇಲೆ ಕೈಯೊಡ್ಡುತ್ತಿದ್ದರು. ರಂಗಸ್ಥಳವಿಲ್ಲ, ಪರದೆಯಿಲ್ಲ, ಊರಿನ ನಿತ್ಯದ ಸಂಚಾರವೇ ಹಿನ್ನೆಲೆ. ತುಂಗಾನಗರದ ಇರುಳುವೇಷವು ಆ ವಂಶಕ್ಕೆ ಸೇರಿದ್ದು. 1975ರಲ್ಲಿ ಹುಟ್ಟಿದ ಸಮುದಾಯ ತಂಡದ ಬೀದಿನಾಟಕಗಳ ವಂಶಕ್ಕೆ ಅದನ್ನು ಸೇರಿಸುವವರು ಇರಬಹುದು, ಆದರೆ ಆ ನಾಟಕಗಳು ಜನರನ್ನು ಸುತ್ತ ಸೇರಿಸಿ ಮಾತನಾಡಿಸಿದುವು. ಇದು ಯಾರನ್ನೂ ಕರೆಯದೆ ನಡೆದುಹೋಯಿತು.

ಹೀಗೆ ನೋಡಿದರೆ ಕೃತಿಯಲ್ಲಿ ನಿಜವಾದ ಪಾತ್ರಧಾರಿ ಇನ್ನೊಬ್ಬನುಂಟು. ಗಗನಯಾತ್ರಿಗೆ ಆ ನೆಲದ ಮೇಲೆ ನಡೆಯಲು ಶಿರಸ್ತ್ರಾಣವೂ ಕವಚದಂತಹ ಉಡುಪೂ ಬೇಕಾದುವು. ಆಟೋರಿಕ್ಷಾದ ಚಾಲಕನಾದರೋ ಅವಾವುವೂ ಇಲ್ಲದೆ, ಅಚ್ಚರಿಪಡದೆ, ತನ್ನ ಪಾಡಿಗೆ ತಾನು ದಾಟಿಹೋಗುತ್ತಾನೆ. ಆತನಿಗೆ ಇದು ಪ್ರತಿದಿನದ ಗ್ರಹ. ಅದ್ಭುತದ ಪಕ್ಕದಲ್ಲಿ ಅಭ್ಯಾಸವು ಹಾದುಹೋಗುವ ಈ ಕ್ಷಣವೇ ಕೃತಿಯ ಹೃದಯ. ಇದನ್ನು ಕಲಾವಿದರು ಮೊದಲೇ ಯೋಚಿಸಿದ್ದರೋ, ಬೀದಿಯು ತಾನಾಗಿ ಒದಗಿಸಿತೋ ಎಂಬ ಚರ್ಚೆ ನಿಷ್ಪ್ರಯೋಜಕ. ಸಂಚಾರವನ್ನು ನಿಲ್ಲಿಸದೆ ಚಿತ್ರ ತೆಗೆಯುವುದೆಂಬ ನಿರ್ಧಾರದಲ್ಲಿಯೇ ಅದಕ್ಕೆ ಬಾಗಿಲು ತೆರೆದಿದ್ದಿತು.

ಇದಕ್ಕೆ ಹಿಂದಿನ ಎರಡು ಕೃತಿಗಳೊಡನೆ ಹೋಲಿಸಿದರೆ ತಾರತಮ್ಯ ಗೊತ್ತಾಗುವುದು. 2015ನೆಯ ಇಸವಿ ಜೂನ್ ತಿಂಗಳಿನಲ್ಲಿ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಸುಮಾರು 12 ಅಡಿ ಉದ್ದದ ಗುಂಡಿಯೊಂದು ದುರಸ್ತಿಯಿಲ್ಲದೆ ಬಹುದಿನ ಉಳಿದಿದ್ದಿತು. ನಂಜುಂಡಸ್ವಾಮಿಯವರು ಫೈಬರಿನಿಂದ ಮಾಡಿದ ಮೊಸಳೆಯೊಂದನ್ನು ತಂದು ಅದರಲ್ಲಿ ಬಿಟ್ಟರು. ಆ ಕೃತಿಯಿಂದ ಅವರ ಹೆಸರು ದೇಶವಿದೇಶಗಳಿಗೆ ಮುಟ್ಟಿತು, ಗುಂಡಿಯ ಕಡೆಗೆ ಅಧಿಕಾರಿಗಳ ಗಮನವೂ ಹರಿಯಿತು. ಮೊಸಳೆಯ ಆಯ್ಕೆ ಜಾಣತನದ್ದು: ನೀರಿದೆ, ಆದುದರಿಂದ ಜಂತುವಿದೆ. ಅದು ಅನುಮಾನಾಲಂಕಾರದ ಜಾತಿಯದು. ಆದರೆ ಮೊಸಳೆ ಹೊರಗಿನಿಂದ ಬಂದ ವಸ್ತು. ಗುಂಡಿ ಅದಕ್ಕೆ ತೊಟ್ಟಿಲಾಯಿತೇ ಹೊರತು ಗುಂಡಿಯ ರೂಪವೇ ಮೊಸಳೆಯನ್ನು ಹಡೆಯಲಿಲ್ಲ. ನೋಡಿದವನ ಕಣ್ಣು ಮೊಸಳೆಯ ಮೇಲೆ ನಿಂತು ಗುಂಡಿಯನ್ನು ಮರೆಯುವ ಅಪಾಯವಿದ್ದಿತು. ಹೇರೋಹಳ್ಳಿಯಲ್ಲಿ ಸೇರಿಸಿದ್ದು ಒಬ್ಬ ಮನುಷ್ಯ, ಒಂದು ಉಡುಪು, ಇಷ್ಟೇ. ಚಂದ್ರನನ್ನು ಯಾರೂ ಮಾಡಲಿಲ್ಲ. ಅದು ಆಗಲೇ ಅಲ್ಲಿದ್ದಿತು.

ಎರಡನೆಯದು 2017ರ ಅಕ್ಟೋಬರ್ ತಿಂಗಳಿನದು. ಕಬ್ಬನ್ ರಸ್ತೆಯೂ ಕಾಮರಾಜ ರಸ್ತೆಯೂ ಕೂಡುವೆಡೆಯ ಗುಂಡಿಯನ್ನು ಕೊಳವನ್ನಾಗಿ ಮಾಡಿ, ಅದರಲ್ಲಿ ಚಲಚ್ಚಿತ್ರ ನಟಿ ಸೋನು ಗೌಡ ಅವರನ್ನು ಮತ್ಸ್ಯಕನ್ಯೆಯ ವೇಷದಲ್ಲಿ ಕುಳ್ಳಿರಿಸಲಾಯಿತು. ಆ ತಿಂಗಳು ರಸ್ತೆಗುಂಡಿಗಳಿಂದ ಸವಾರರು ಸತ್ತ ಸುದ್ದಿಗಳು ಒಂದರ ಮೇಲೊಂದು ಬರುತ್ತಿದ್ದುವು. ಮೂರು ಕೃತಿಗಳಲ್ಲಿ ಇದೇ ದುರ್ಬಲವಾದುದು. ಸಾವಿನ ಸಂದರ್ಭಕ್ಕೆ ಶೃಂಗಾರದ ವಿಭಾವವನ್ನು ತಂದುದರಿಂದ ರಸವಿರೋಧ ಉಂಟಾಯಿತು. ಪ್ರಸಿದ್ಧರ ಮುಖವು ಗುಂಡಿಯ ಮುಖವನ್ನು ಮುಚ್ಚಿತು. ಮತ್ಸ್ಯಕನ್ಯೆಯ ಕಲ್ಪನೆಯೂ ಈ ನೆಲದ ಕಣ್ಣಿಗೆ ಪುಸ್ತಕಗಳಿಂದ ಬಂದದ್ದು. ಆದರೂ ಆ ಕೊಳದಲ್ಲಿ ಒಂದು ಬೀಜವಿದ್ದಿತು. ಅದು ಮಯಸಭೆಯ ಬೀಜ. ನೆಲವೆಂದು ತಿಳಿದು ನೀರಿನಲ್ಲಿ ಬಿದ್ದ ದುರ್ಯೋಧನನ ಕಥೆಯನ್ನು ಮಳೆಗಾಲದ ಬೆಂಗಳೂರಿನಲ್ಲಿ ಯಾವ ಸವಾರನಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೀರು ತುಂಬಿದ ಗುಂಡಿ ಸಮನೆಯ ರಸ್ತೆಯಂತೆಯೇ ಕಾಣುತ್ತದೆ. ಉಪ್ಪರಿಗೆಯಿಂದ ನೋಡಿದವರು ನಕ್ಕರು, ಬಿದ್ದವನು ಆ ನಗೆಯನ್ನು ಮರೆಯಲಿಲ್ಲವೆಂಬುದೂ ಆ ಕಥೆಯಲ್ಲಿದೆ. ಬೀದಿಯ ಹಾಸ್ಯವನ್ನು ಮಾಡಹೊರಟವರು ಯಾವಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ನಗೆ ಉಪ್ಪರಿಗೆಯದೋ, ಬಿದ್ದವನದೋ? ಮತ್ಸ್ಯಕನ್ಯೆಯ ಕೃತಿಯಲ್ಲಿ ಅದು ಬಹುಪಾಲು ಉಪ್ಪರಿಗೆಯ ನಗೆ. ಹೇರೋಹಳ್ಳಿಯಲ್ಲಿ ನಡೆಯುವವನು ಗುಂಡಿಗಳ ನಡುವೆಯೇ ಇದ್ದಾನೆ, ಎಚ್ಚರದಿಂದ ಹೆಜ್ಜೆಯಿಡುತ್ತಿದ್ದಾನೆ.

ಇನ್ನು ಆಕ್ಷೇಪಣೆಗಳು. ಇದು ಕಲೆಯಲ್ಲ, ಪ್ರಚಾರವೆಂಬ ಮಾತಿಗೆ ಮೇಲೆ ಹೇಳಿದ್ದರಲ್ಲಿ ಉತ್ತರವಿದೆ. ಅದಕ್ಕಿಂತ ಗುರುತರವಾದ ಆಕ್ಷೇಪಣೆಯೊಂದುಂಟು. ಮರುದಿನವೇ ಗುಂಡಿ ಮುಚ್ಚಿದ್ದನ್ನು ಎಲ್ಲರೂ ಕೃತಿಯ ಜಯವೆಂದು ಹಾಡಿದರು. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೆಳೆದ ಪಾಲಿಕೆಯ ಎಲ್ಲೆಯೊಳಗೆ ಕಲಾವಿದರು ಕಾಲಿಡದ ಬೀದಿಗಳು ಎಷ್ಟೋ ಸಾವಿರ. ಕಲಾವಿದ ಬಂದ ಬೀದಿಗೆ ಡಾಂಬರು ಬಂದಿತು. ಉಳಿದ ಬೀದಿಗಳು ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುತ್ತಲೇ ಇದ್ದುವು. ಹಾಗಾದರೆ ಅಧಿಕಾರಿಗಳು ಕಲಿತ ಪಾಠವಾವುದು? ಗುಂಡಿಯನ್ನು ಮುಚ್ಚಬೇಕೆಂಬ ಪಾಠವಲ್ಲ. ಚಿತ್ರವಾದ ಗುಂಡಿಯನ್ನು ಬೇಗ ಮುಚ್ಚಬೇಕೆಂಬ ಪಾಠ. ಹೀಗೆ ಮುಚ್ಚುವುದರಲ್ಲಿ ರಸ್ತೆಯ ದುರಸ್ತಿಯ ಜೊತೆಗೆ ಕೃತಿಯ ನಾಶವೂ ಇದೆ. ಪಟವನ್ನು ಹರಿದುಹಾಕಿದರೆ ಜನ ದಂಗೆಯೇಳುವರು. ಗುಂಡಿಯನ್ನು ಮುಚ್ಚಿದರೆ ಚಪ್ಪಾಳೆ ತಟ್ಟುವರು. ಕೆಣಕುವ ಕಲೆಯ ಬಾಯಿಯನ್ನು ಮುಚ್ಚಲು ಇದಕ್ಕಿಂತ ವಿನಯದ ಉಪಾಯ ಯಾವ ಸರ್ಕಾರಕ್ಕೂ ಹೊಳೆದಿರಲಾರದು. ಈ ಸಿಕ್ಕಿನಿಂದ ಕಲಾವಿದರನ್ನು ಪೂರ್ತಿಯಾಗಿ ಬಿಡಿಸುವುದು ಸಾಧ್ಯವಿಲ್ಲ. ಆಯುಕ್ತರ ಗಮನಕ್ಕೆ ತಂದುದರಿಂದ ಅವರೇ ಕೃತಿಯ ಕೊರಳಿಗೆ ಅರ್ಜಿಯ ಸಂಖ್ಯೆಯನ್ನು ಕಟ್ಟಿದರು. ಆ ಒಂದು ಸಾಲನ್ನು ಬಿಟ್ಟಿದ್ದರೆ ಗುಂಡಿ ಕೆಲವು ದಿನ ತಡವಾಗಿ ಮುಚ್ಚುತ್ತಿದ್ದಿತೇನೋ, ಕೃತಿಗೆ ಮಾತ್ರ ಒಂದು ಕಳೆ ಹೆಚ್ಚುತ್ತಿದ್ದಿತು. ಆ ಬೀದಿಯಲ್ಲಿ ಮನೆಯಿರುವವರು ಈ ವಿಮರ್ಶೆಯನ್ನು ಒಪ್ಪದಿದ್ದರೆ ಅದೂ ನ್ಯಾಯವೇ.

ಅನ್ಯದೇಶಗಳಲ್ಲಿಯೂ ರಸ್ತೆಗುಂಡಿಯನ್ನು ಕಲೆಗೆ ಬಳಸಿದವರುಂಟು. ಷಿಕಾಗೋದ ಜಿಮ್ ಬೇಕರ್ ಅವರು 2013ರಿಂದ ಗುಂಡಿಗಳಲ್ಲಿ ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿ ಚಿತ್ರ ಬಿಡಿಸುತ್ತಿದ್ದಾರೆ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಎಮೆಮೆಮ್ ಎಂಬ ಗುಪ್ತನಾಮದ ಕಲಾವಿದರು ಬಿರುಕುಬಿಟ್ಟ ಕಾಲುದಾರಿಗಳ ಗಾಯಕ್ಕೆ ಹೆಂಚಿನ ಚೂರುಗಳ ತೇಪೆ ಹಾಕುತ್ತಾರೆ. ಆ ಕೆಲಸಗಳು ಸುಂದರವಾಗಿವೆ. ಆದರೆ ಅವುಗಳಲ್ಲಿ ಕಲಾವಿದನು ನಗರಸಭೆಯ ಕೆಲಸವನ್ನು ತಾನೇ ಮಾಡಿ ಮುಗಿಸುತ್ತಾನೆ. ಗುಂಡಿ ಹೋಗಿ ಆಭರಣ ಉಳಿಯುತ್ತದೆ. ಬೆಂಗಳೂರಿನ ಕಲಾವಿದರು ಗುಂಡಿಯನ್ನು ಮುಟ್ಟಲಿಲ್ಲ. ಮುಚ್ಚುವುದು ಯಾರ ಕರ್ತವ್ಯವೋ ಅವರಿಗೇ ಅದನ್ನು ಬಿಟ್ಟರು. ಅಲ್ಲಿಯ ಕೃತಿ ಉಳಿಯುವುದಕ್ಕಾಗಿ ಇದೆ, ಇಲ್ಲಿಯ ಕೃತಿ ಅಳಿಯುವುದಕ್ಕಾಗಿ. ದೀಪಾವಳಿಯ ರಂಗವಲ್ಲಿಯನ್ನು ಮರುದಿನ ಗುಡಿಸುವ ನಾಡಿನಲ್ಲಿ ಇದನ್ನು ಕೊರತೆಯೆಂದು ಎಣಿಸಲು ಕಾರಣವಿಲ್ಲ.

ಅಳಿದ ಮೇಲೆ ಉಳಿದದ್ದು ಒಂದು ನಿಮಿಷದ ವೀಡಿಯೋ. ಅದನ್ನು ಲೋಕವೆಲ್ಲ ನೋಡಿತು. ಹಾಗೆ ನೋಡುವಾಗ ತುಂಗಾನಗರದ ಹೆಸರು ಮೊದಲು ಬೆಂಗಳೂರಾಗಿ, ಆಮೇಲೆ ಬರಿಯ ಇಂಡಿಯಾ ಆಯಿತು. ಬೀದಿಯ ಕಲೆಗೆ ಬೀದಿಯೇ ಹೋಗಿಬಿಟ್ಟರೆ ಉಳಿಯುವುದು ವಿನೋದ ಮಾತ್ರ. 2016ರಲ್ಲಿ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿಯವರ ಉಸ್ತುವಾರಿಗೆ ಕೊಡುವ ಮಾತು ಬಂದಾಗ ಬೆಂಗಳೂರಿನ ಕಲಾವಿದರು ಗುಂಪುಗೂಡಿ ವಿರೋಧಿಸಿದರು. ಗೋಡೆಯುಳ್ಳ ಪ್ರದರ್ಶನಶಾಲೆ ಊರಿನದೆಂಬ ಅಭಿಮಾನ ಅಲ್ಲಿದ್ದಿತು. ಗೋಡೆಯಿಲ್ಲದ ಪ್ರದರ್ಶನಕ್ಕೂ ಅಷ್ಟೇ ಅಭಿಮಾನ ಸಲ್ಲಬೇಕಾದರೆ ಕನ್ನಡದ ಕಲಾಚರಿತ್ರೆಯನ್ನು ಬರೆಯುವವರು ಸ್ಥಳವನ್ನೂ ತಾರೀಖನ್ನೂ ನಟನ ಹೆಸರನ್ನೂ ಚಿತ್ರದೊಡನೆ ಸೇರಿಸಿ ಬರೆದಿಡಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಸುಖವಾಗಿ ಇಳಿಯಿತು, ಅದರ ತಾರೀಖೂ ಸ್ಥಳವೂ ಎಲ್ಲ ಪುಸ್ತಕಗಳಲ್ಲಿ ಸೇರಿವೆ. ಅದಕ್ಕೆ ನಾಲ್ಕು ವರ್ಷ ಮೊದಲು ಪೂರ್ಣಚಂದ್ರ ಅವರು ಇಳಿದ ಸ್ಥಳ ಹೇರೋಹಳ್ಳಿ, ತುಂಗಾನಗರದ ಮುಖ್ಯರಸ್ತೆ, ಮಾಗಡಿ ರಸ್ತೆಯ ಬಳಿ.